ಬದಲಿಸಿದ್ದು ಯಾವುದು, ಬದಲಾದದ್ದು ಯಾವುದು: ವಿಜ್ಞಾನ ಪ್ರಾಜೆಕ್ಟ್ ಪೆಟ್ಟಿಗೆಯೊಂದರ ವಿಮರ್ಶೆ

ಕಳೆದ ಜೂನ್ ತಿಂಗಳಲ್ಲಿ ಕಾರವಾರ ಪೇಟೆಯ ಒಂದು ಸ್ಟೇಷನರಿ ಅಂಗಡಿಯಿಂದ 840 ರೂಪಾಯಿ ಕೊಟ್ಟು ನಾನು ಒಂದು ವಿಜ್ಞಾನ ಪ್ರಾಜೆಕ್ಟ್ ಪೆಟ್ಟಿಗೆಯನ್ನು ತಂದೆ. ಪ್ರಯೋಗವೊಂದರಲ್ಲಿ ಸ್ವತಂತ್ರ ಚರ (ನಾವು ಬದಲಿಸುವ ಅಂಶ) ಯಾವುದು, ಅವಲಂಬಿತ ಚರ (ಅದರಿಂದ ಬದಲಾಗುವ ಅಂಶ) ಯಾವುದು, ನಿಯಂತ್ರಣದಲ್ಲಿ ಇಡಬೇಕಾದವು ಯಾವುವು ಎಂಬುದನ್ನು ಆರರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಕನ್ನಡದಲ್ಲಿ ಕಲಿಸುವುದೊಂದೇ ಅದರ ಉದ್ದೇಶ. ಕುಮಟಾ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಐದು ತಿಂಗಳ ಕಾಲ ಅದನ್ನು ಎಂಟನೆಯ ತರಗತಿಯ ಮಕ್ಕಳೊಡನೆ ಶಾಲೆಯಲ್ಲಿಯೂ, ಏಳನೆಯ ತರಗತಿಯಲ್ಲಿರುವ ನನ್ನ ಮಗನೊಡನೆ ಮನೆಯಲ್ಲಿಯೂ ಬಳಸಿ ನೋಡಿದ್ದೇನೆ. ಅದರಲ್ಲಿ ಕಂಡ ತಪ್ಪುಗಳನ್ನು ಪತ್ರ ಬರೆದು ತಯಾರಕರಿಗೆ ತಿಳಿಸಿದ್ದೇನೆ; ಅವರು ತಿದ್ದಿಕೊಳ್ಳಲು ಅವಕಾಶ ಇರಲಿ ಎಂದು ಇಲ್ಲಿ ಅವರ ಹೆಸರನ್ನಾಗಲಿ ಅಂಗಡಿಯ ಹೆಸರನ್ನಾಗಲಿ ಬರೆಯುತ್ತಿಲ್ಲ. ನಮ್ಮ ಮಕ್ಕಳು ಅದಕ್ಕೆ ‘ಚರಗಳ ಪೆಟ್ಟಿಗೆ’ ಎಂದು ಹೆಸರಿಟ್ಟುಕೊಂಡಿದ್ದಾರೆ, ನಾನೂ ಹಾಗೆಯೇ ಕರೆಯುತ್ತೇನೆ.

ಇಂಥದೊಂದು ಪೆಟ್ಟಿಗೆಗಾಗಿ ನಾನು ಬಹಳ ದಿನಗಳಿಂದ ಹುಡುಕುತ್ತಿದ್ದೆ. ಶಾಲಾ ವಸ್ತುಪ್ರದರ್ಶನಗಳಲ್ಲಿ ವರ್ಷ ವರ್ಷವೂ ಥರ್ಮೋಕೋಲಿನ ಜ್ವಾಲಾಮುಖಿ, ರಟ್ಟಿನ ಗಾಳಿಯಂತ್ರ, ಬಣ್ಣ ಬಳಿದ ಸೌರಮಂಡಲ ಬರುತ್ತವೆ. ಅವುಗಳನ್ನು ಮಾಡಲು ಮಕ್ಕಳು ಪಡುವ ಶ್ರಮವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಮಾದರಿಯಲ್ಲಿ ಪ್ರಶ್ನೆಯೇ ಇಲ್ಲದಿರುವುದರಿಂದ ಚರಗಳಿಗೂ ಅಲ್ಲಿ ಜಾಗವಿಲ್ಲ, ಮತ್ತು ತೀರ್ಪುಗಾರರು ಬಂದು ‘ನಿನ್ನ ಸ್ವತಂತ್ರ ಚರ ಯಾವುದು’ ಎಂದು ಕೇಳಿದಾಗ ಮಗು ಉತ್ತರವಿಲ್ಲದೆ ನಿಲ್ಲುತ್ತದೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಂಥ ವೇದಿಕೆಗಳು ಮಕ್ಕಳು ತಮ್ಮ ಊರಿನ ಸಮಸ್ಯೆಯನ್ನು ಎತ್ತಿಕೊಂಡು ತಾವೇ ಅಳೆದು ನೋಡಬೇಕೆಂದು ಬಯಸುತ್ತವೆ. ಅಳೆಯಬೇಕಾದರೆ ಏನನ್ನು ಅಳೆಯುತ್ತಿದ್ದೇವೆ ಎಂಬುದು ಮೊದಲು ಸ್ಪಷ್ಟವಾಗಬೇಕು.

ಪೆಟ್ಟಿಗೆಯೊಳಗೆ 48 ಪುಟಗಳ ಕೈಪಿಡಿ, ಮೂರು ಬಣ್ಣದ ರಟ್ಟಿನ ಕಾರ್ಡುಗಳು, 100 ಮಿಲಿಲೀಟರಿನ ಪ್ಲಾಸ್ಟಿಕ್ ಅಳತೆ ಜಾಡಿ, ಕೆಂಪು ದ್ರವದ ಥರ್ಮಾಮೀಟರ್, ಮುಚ್ಚಳವಿಲ್ಲದ ಐದು ಪೆಟ್ರಿ ತಟ್ಟೆಗಳು, ದಾರದ ಉಂಡೆ, ಕೊಕ್ಕೆಯುಳ್ಳ ಮೂರು ಗುಂಡುಗಳು, ಒಂದು ಸ್ಟಾಪ್‌ವಾಚ್ ಮತ್ತು ನಕ್ಷೆ ಹಾಳೆಗಳು ಇವೆ. ಥರ್ಮಾಮೀಟರಿನಲ್ಲಿ ಪಾದರಸ ಇಲ್ಲದಿರುವುದು ಮಕ್ಕಳ ಕೈಗೆ ಕೊಡುವ ವಸ್ತುವಿನಲ್ಲಿ ಸರಿಯಾದ ನಿರ್ಧಾರ. ಅಳತೆ ಜಾಡಿಯ ಬುಡ ಮೊದಲ ವಾರವೇ ಸೀಳು ಬಿಟ್ಟಿತು. ಅಂಗಡಿಯವರು ಒಂದು ಮಾತನ್ನೂ ಆಡದೆ ಬೇರೆ ಜಾಡಿ ಕೊಟ್ಟರು. ಸಾಮಗ್ರಿಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ, ಏಕೆಂದರೆ ಇವೆಲ್ಲವೂ ಬಿಡಿಬಿಡಿಯಾಗಿ ಬೇರೆಡೆಯೂ ಸಿಗುತ್ತವೆ. ಈ ಪೆಟ್ಟಿಗೆಯ ನಿಜವಾದ ಬೆಲೆ ಇರುವುದು ಕಾರ್ಡುಗಳಲ್ಲಿ ಮತ್ತು ಆ ಕಾರ್ಡುಗಳ ಹಿಂದಿರುವ ಒಂದು ವಿಚಾರದಲ್ಲಿ.

ಆ ವಿಚಾರ ಹೀಗಿದೆ. ಹಳದಿ ಕಾರ್ಡಿನ ಮೇಲೆ ‘ನಾನು ಬದಲಿಸಿದ್ದು’ ಎಂದೂ, ನೀಲಿ ಕಾರ್ಡಿನ ಮೇಲೆ ‘ಅದರಿಂದ ಬದಲಾದದ್ದು’ ಎಂದೂ, ಹಸಿರು ಕಾರ್ಡಿನ ಮೇಲೆ ‘ನಾನು ಬದಲಾಗಗೊಡದ್ದು’ ಎಂದೂ ಅಚ್ಚು ಹಾಕಿದ್ದಾರೆ. ಪ್ರಯೋಗವನ್ನು ಆರಂಭಿಸುವ ಮೊದಲು ಮಗು ಈ ಮೂರೂ ಕಾರ್ಡುಗಳ ಖಾಲಿ ಜಾಗವನ್ನು ಪೆನ್ಸಿಲಿನಿಂದ ತುಂಬಬೇಕು, ತುಂಬಿದ ಮೇಲೆ ಕಾರ್ಡನ್ನು ತಿರುಗಿಸಿ ನೋಡಿದರೆ ಹಳದಿಯ ಹಿಂದೆ ‘ಸ್ವತಂತ್ರ ಚರ’ ಎಂದೂ ನೀಲಿಯ ಹಿಂದೆ ‘ಅವಲಂಬಿತ ಚರ’ ಎಂದೂ ಬರೆದಿರುತ್ತದೆ. ಪಾರಿಭಾಷಿಕ ಪದ ಮೊದಲು ಬಂದು ಅರ್ಥ ಅದರ ಹಿಂದೆ ಬರುವ ನಮ್ಮ ತರಗತಿಗಳ ರೂಢಿಯನ್ನು ಇದು ತಿರುವಿ ಹಾಕಿದೆ, ಮತ್ತು ಇಲ್ಲಿ ತಯಾರಕರು ಕನ್ನಡ ವ್ಯಾಕರಣದಿಂದಲೇ ಸಹಾಯ ಪಡೆದಿದ್ದಾರೆ. ‘ಬದಲಿಸು’ ಎಂಬುದಕ್ಕೆ ಮಾಡುವವನೊಬ್ಬ ಬೇಕು, ‘ಬದಲಾಗು’ ಎಂಬುದು ತಾನಾಗಿ ನಡೆಯುತ್ತದೆ. ಕರಗಿಸು–ಕರಗು, ಬೆಳೆಸು–ಬೆಳೆ, ಒಣಗಿಸು–ಒಣಗು ಎಂಬ ಜೋಡಿಗಳನ್ನು ನಮ್ಮ ಮಕ್ಕಳು ಶಾಲೆಗೆ ಬರುವ ಮೊದಲೇ ತಪ್ಪಿಲ್ಲದೆ ಬಳಸುತ್ತಿರುತ್ತಾರೆ. ‘ಇಸು’ ಎಂಬ ಪ್ರತ್ಯಯ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂಬ ಅರಿವು ಇರುವ ಮಗುವಿಗೆ ಕಾರಣ ಮತ್ತು ಪರಿಣಾಮಗಳ ನಡುವಿನ ವ್ಯತ್ಯಾಸವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅದು ಅವರಲ್ಲಿ ಈಗಾಗಲೇ ಇದೆ ಎಂದು ತೋರಿಸಿಕೊಟ್ಟರೆ ಸಾಕು.

ಪಾರಿಭಾಷಿಕ ಪದದಿಂದ ಆರಂಭಿಸಿದರೆ ಆಗುವ ತೊಂದರೆಯನ್ನು ನಾನು ಅನೇಕ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಸಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಗೊಬ್ಬರ ಕೊಟ್ಟು ಎತ್ತರ ಅಳೆಯುವ ಪ್ರಯೋಗದಲ್ಲಿ ಸ್ವತಂತ್ರ ಚರ ಯಾವುದು ಎಂದು ಕೇಳಿದರೆ ಹೆಚ್ಚಿನ ಮಕ್ಕಳು ‘ಸಸಿಯ ಎತ್ತರ’ ಎನ್ನುತ್ತಾರೆ. ಕಾರಣ ಕೇಳಿದಾಗ ಒಬ್ಬ ಹುಡುಗಿ, “ಗೊಬ್ಬರ ಎಷ್ಟು ಹಾಕಬೇಕು ಎಂದು ನಾವು ಹೇಳುತ್ತೇವೆ ಅಕ್ಕೋರೇ, ಸಸಿ ಮಾತ್ರ ತನ್ನ ಇಚ್ಛೆಯಂತೆ ಬೆಳೆಯುತ್ತದೆ, ಹಾಗಾಗಿ ಅದೇ ಸ್ವತಂತ್ರ” ಎಂದಳು. ‘ಸ್ವತಂತ್ರ’ ಎಂಬ ಪದಕ್ಕೆ ನಿತ್ಯದ ಮಾತಿನಲ್ಲಿ ಇರುವ ಅರ್ಥವನ್ನು ಹಿಡಿದು ನೋಡಿದರೆ ಅವಳ ತರ್ಕದಲ್ಲಿ ದೋಷವೇ ಇಲ್ಲ. ಪ್ರಯೋಗದೊಳಗಿನ ಬೇರೆ ಯಾವುದನ್ನೂ ಅವಲಂಬಿಸದೆ, ಪ್ರಯೋಗ ಮಾಡುವವರು ಮೊದಲೇ ಗೊತ್ತುಮಾಡಿದ ಬೆಲೆಗಳನ್ನು ಪಡೆಯುವುದು ಸ್ವತಂತ್ರ ಚರ ಎಂಬ ವ್ಯಾಖ್ಯಾನವನ್ನು ಅವಳಿಗೆ ಎಷ್ಟು ಸಲ ಹೇಳಿದರೂ ಪದದ ಸೆಳೆತವೇ ಗೆಲ್ಲುತ್ತಿತ್ತು. ಹಳದಿ ಕಾರ್ಡನ್ನು ಕೈಗೆ ಕೊಟ್ಟ ದಿನ ಅವಳು ಎರಡನೆಯ ಮಾತಿಲ್ಲದೆ ‘ಗೊಬ್ಬರದ ಪ್ರಮಾಣ’ ಎಂದು ಬರೆದಳು.

ಕೈಪಿಡಿಯ ಮೊದಲ ಪ್ರಯೋಗ ಲೋಲಕದ್ದು, ಮತ್ತು ಅದನ್ನು ಬಹಳ ಎಚ್ಚರಿಕೆಯಿಂದ ರೂಪಿಸಿದ್ದಾರೆ. ನಾವು ಜಗುಲಿಯ ತೊಲೆಗೆ ದಾರ ಕಟ್ಟಿ ಗುಂಡನ್ನು ತೂಗುಬಿಟ್ಟೆವು. ಯಾವುದನ್ನು ಬದಲಿಸಿದರೆ ಲೋಲಕ ಒಂದು ಸಲ ಹೋಗಿ ಬರುವ ಕಾಲ ಬದಲಾಗುತ್ತದೆ ಎಂದು ಮೊದಲು ಊಹಿಸಲು ಹೇಳಿದಾಗ ನನ್ನ ಮಗನೂ ಸೇರಿದಂತೆ ಎಲ್ಲರೂ ಗುಂಡಿನ ಭಾರವನ್ನೇ ಹೆಸರಿಸಿದರು. ಮೂರು ಗುಂಡುಗಳೂ ಒಂದೇ ಗಾತ್ರದವು, ಭಾರ ಮಾತ್ರ ಬೇರೆ ಬೇರೆ. ಈ ಸಣ್ಣ ಸಂಗತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ: ಲೋಲಕದ ಉದ್ದವನ್ನು ದಾರವನ್ನು ಕಟ್ಟಿದ ಜಾಗದಿಂದ ಗುಂಡಿನ ನಡುವಿನವರೆಗೆ ಅಳೆಯಬೇಕಾದ್ದರಿಂದ, ಗುಂಡಿನ ಗಾತ್ರ ಬದಲಾದರೆ ನಮಗೆ ತಿಳಿಯದಂತೆಯೇ ಉದ್ದವೂ ಬದಲಾಗಿರುತ್ತದೆ ಮತ್ತು ಭಾರದ ಪರಿಣಾಮವನ್ನು ನೋಡುತ್ತಿದ್ದೇವೆ ಎಂದುಕೊಂಡು ಉದ್ದದ ಪರಿಣಾಮವನ್ನು ನೋಡಿರುತ್ತೇವೆ. ಭಾರವನ್ನು ಬದಲಿಸಿದಾಗ ಕಾಲ ಬದಲಾಗಲಿಲ್ಲ. ಉದ್ದವನ್ನು ಬದಲಿಸಿದಾಗ ಬದಲಾಯಿತು: 25 ಸೆಂಟಿಮೀಟರ್ ಉದ್ದಕ್ಕೆ ಹತ್ತು ಆಂದೋಲನಗಳಿಗೆ ಸುಮಾರು 10 ಸೆಕೆಂಡು, 50 ಸೆಂಟಿಮೀಟರಿಗೆ ಸುಮಾರು 14, ಒಂದು ಮೀಟರಿಗೆ ಸುಮಾರು 20 ಸೆಕೆಂಡು ಹಿಡಿಯಿತು. ಉದ್ದ ನಾಲ್ಕು ಪಟ್ಟಾದಾಗ ಕಾಲ ಎರಡು ಪಟ್ಟು ಮಾತ್ರ ಆದದ್ದನ್ನು ಮಕ್ಕಳು ತಾವೇ ಕಂಡುಕೊಂಡರು. ವರ್ಗಮೂಲದ ಮಾತನ್ನು ನಾನು ಆಡುವ ಮೊದಲೇ ಅದು ಅವರ ಕೋಷ್ಟಕದಲ್ಲಿ ಕುಳಿತಿತ್ತು.

ಒಂದರ ಬದಲು ಹತ್ತು ಆಂದೋಲನಗಳನ್ನು ಅಳೆಯಬೇಕೆಂದು ಕೈಪಿಡಿ ಹೇಳುತ್ತದೆ, ಆದರೆ ಏಕೆಂದು ಹೇಳುವುದಿಲ್ಲ. ಸ್ಟಾಪ್‌ವಾಚಿನ ಗುಂಡಿಯನ್ನು ಒತ್ತುವಾಗ ಕೈ ತಡೆಯುವ ಅಲ್ಪ ಕಾಲ ಹತ್ತು ಆಂದೋಲನಗಳಿಗೆ ಹಂಚಿಹೋಗಿ ಪ್ರತಿಯೊಂದರ ಪಾಲಿಗೆ ಹತ್ತನೆಯ ಒಂದು ಭಾಗವಷ್ಟೇ ಉಳಿಯುತ್ತದೆ ಎಂಬುದನ್ನು ನಾನು ಬೋರ್ಡಿನ ಮೇಲೆ ಬರೆದು ವಿವರಿಸಬೇಕಾಯಿತು. ದಾರವನ್ನು ಎಷ್ಟು ಓರೆಯಾಗಿ ಎಳೆದು ಬಿಡಬೇಕು ಎಂಬ ಬಗ್ಗೆಯೂ ಕೈಪಿಡಿ ಮೌನವಾಗಿದೆ. ಓರೆ ಕಡಿಮೆ ಇರುವವರೆಗೆ ಅದರಿಂದ ಕಾಲದಲ್ಲಿ ಅಳೆಯುವಂಥ ವ್ಯತ್ಯಾಸ ಬರುವುದಿಲ್ಲ, ಹೆಚ್ಚು ಎಳೆದರೆ ಬರುತ್ತದೆ; ಆದ್ದರಿಂದ ಅದು ಹಸಿರು ಕಾರ್ಡಿನಲ್ಲಿ ಇರಲೇಬೇಕಾದ ಅಂಶ.

ನಮ್ಮ ಶಾಲೆಯ ಮಕ್ಕಳು ತಮ್ಮ ಸ್ವಂತ ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಕಗ್ಗ ಭತ್ತವನ್ನು. ಅಘನಾಶಿನಿ ನದಿ ಸಮುದ್ರ ಸೇರುವ ಭಾಗದ ಗಜನಿ ಭೂಮಿಯಲ್ಲಿ, ಉಪ್ಪುನೀರು ನುಗ್ಗಿ ಬರುವ ಮಣ್ಣಿನಲ್ಲಿ, ಗೊಬ್ಬರವಿಲ್ಲದೆ ಬೆಳೆಯುವ ಈ ತಳಿಯನ್ನು ಅವರಲ್ಲಿ ಕೆಲವರ ಅಜ್ಜಂದಿರು ಇಂದಿಗೂ ಬಿತ್ತುತ್ತಾರೆ. ನೀರಿನಲ್ಲಿ ಉಪ್ಪು ಹೆಚ್ಚಿದಂತೆ ಕಗ್ಗದ ಬೀಜ ಮೊಳೆಯುವುದರಲ್ಲಿ ಏನು ವ್ಯತ್ಯಾಸವಾಗುತ್ತದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಹಳದಿ ಕಾರ್ಡಿನಲ್ಲಿ ‘ಒಂದು ಲೀಟರ್ ನೀರಿನಲ್ಲಿರುವ ಉಪ್ಪಿನ ಪ್ರಮಾಣ’ ಎಂದು ಬರೆದರು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ; ಮಳೆಗಾಲದಲ್ಲಿ ನದಿಯ ಸಿಹಿನೀರು ಸೇರಿ ಗಜನಿಯ ಉಪ್ಪು ತಗ್ಗಿದಾಗಲೇ ಬಿತ್ತನೆ ನಡೆಯುವುದರಿಂದ ನಾವು ಲೀಟರಿಗೆ 0, 4, 8, 12 ಮತ್ತು 16 ಗ್ರಾಂ ಎಂಬ ಐದು ಬೆಲೆಗಳನ್ನು ಆರಿಸಿಕೊಂಡೆವು. ಪೆಟ್ಟಿಗೆಯಲ್ಲಿ ತಕ್ಕಡಿ ಇಲ್ಲ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ 16 ಗ್ರಾಂ ಉಪ್ಪು ತೂಗಿಸಿ ತಂದು, ಒಂದು ಲೀಟರ್ ದ್ರಾವಣ ಮಾಡಿಕೊಂಡು, ಆ ದ್ರಾವಣದ 75 ಮಿಲಿಲೀಟರಿಗೆ 25 ಮಿಲಿಲೀಟರ್ ಸಿಹಿನೀರು ಸೇರಿಸಿದರೆ 12, ಅರ್ಧಕ್ಕೆ ಅರ್ಧ ಸೇರಿಸಿದರೆ 8, ಹೀಗೆ ಅಳತೆ ಜಾಡಿಯೊಂದರಿಂದಲೇ ಉಳಿದವನ್ನೆಲ್ಲ ಸಿದ್ಧಪಡಿಸಿದೆವು. ಉಪ್ಪೇ ಇಲ್ಲದ ತಟ್ಟೆ ಏಕೆ ಬೇಕೆಂದು ಮಕ್ಕಳು ಕೇಳಿದರು. ಬೀಜವೇ ಹಳತಾಗಿ ಮೊಳೆಯುವ ಶಕ್ತಿ ಕಳೆದುಕೊಂಡಿದ್ದರೆ ಉಪ್ಪಿನ ಮೇಲೆ ತಪ್ಪು ಹೊರಿಸಿದಂತೆ ಆಗುತ್ತದೆ ಎಂದಾಗ ಒಪ್ಪಿದರು.

ನೀಲಿ ಕಾರ್ಡಿನಲ್ಲಿ ತೊಡಕು ಎದುರಾಯಿತು. ಕೈಪಿಡಿಯಲ್ಲಿರುವ ಬೀಜ ಮೊಳೆಯುವ ಪ್ರಯೋಗದಲ್ಲಿ ಅವಲಂಬಿತ ಚರವನ್ನು ‘ಬೆಳವಣಿಗೆ’ ಎಂದಷ್ಟೇ ಕೊಟ್ಟಿದ್ದಾರೆ. ಬೆಳವಣಿಗೆಯನ್ನು ಯಾವ ಅಳತೆಪಟ್ಟಿಯಿಂದ ಅಳೆಯಬೇಕು? ಮೊಳಕೆಯ ಉದ್ದವೇ, ಬೇರಿನ ಉದ್ದವೇ, ಮೊಳೆತ ಬೀಜಗಳ ಸಂಖ್ಯೆಯೇ, ಮೊದಲ ಮೊಳಕೆ ಕಾಣಲು ಹಿಡಿದ ದಿನಗಳೇ? ಇವು ನಾಲ್ಕೂ ಬೇರೆ ಬೇರೆ ಅವಲಂಬಿತ ಚರಗಳು, ಮತ್ತು ಇವು ನಾಲ್ಕೂ ಒಂದೇ ಉತ್ತರವನ್ನು ಕೊಡಬೇಕಾಗಿಲ್ಲ. ಒಂದು ಇಡೀ ಗಂಟೆಯ ಚರ್ಚೆಯ ಬಳಿಕ ನಮ್ಮ ಮಕ್ಕಳು ‘ಪ್ರತಿದಿನ ಬೆಳಿಗ್ಗೆ ಎಂಟು ಗಂಟೆಗೆ, ಇಪ್ಪತ್ತು ಬೀಜಗಳ ಪೈಕಿ ಎರಡು ಮಿಲಿಮೀಟರಿಗಿಂತ ಹೆಚ್ಚು ಬೇರು ಹೊರಬಂದವುಗಳ ಸಂಖ್ಯೆ’ ಎಂದು ಬರೆದರು. ಈ ಐದು ತಿಂಗಳಲ್ಲಿ ಅವರು ಬರೆದ ವಾಕ್ಯಗಳಲ್ಲೆಲ್ಲ ನನಗೆ ಅತ್ಯಂತ ಸಂತೋಷ ಕೊಟ್ಟ ವಾಕ್ಯ ಇದು. ಅವಲಂಬಿತ ಚರವನ್ನು ಗುರುತಿಸುವುದೆಂದರೆ ಅದನ್ನು ಹೇಗೆ ಎಣಿಸುತ್ತೇವೆ ಎಂದು ಹೇಳುವುದೂ ಹೌದು ಎಂಬ ಮಾತು ಕೈಪಿಡಿಯ ಮುಂದಿನ ಮುದ್ರಣದಲ್ಲಿ ಬರಲೇಬೇಕು.

ಹಸಿರು ಕಾರ್ಡಿನಲ್ಲಿ ಬೀಜದ ತಳಿ, ಬೀಜಗಳ ಸಂಖ್ಯೆ, ತಟ್ಟೆಗೆ ಹಾಕಿದ ನೀರು, ನೆನೆಹಾಕಿದ ಕಾಲ, ಇಟ್ಟ ಜಾಗ, ಬಳಸಿದ ಉಪ್ಪಿನ ಬಗೆ ಎಲ್ಲವನ್ನೂ ಬರೆದೆವು. ಆದರೂ ಒಂದು ತಪ್ಪಿಹೋಯಿತು. ಮಳೆ ನಿಂತ ಅಕ್ಟೋಬರಿನ ಬಿಸಿಲಿಗೆ ಮುಚ್ಚಳವಿಲ್ಲದ ತಟ್ಟೆಗಳಲ್ಲಿ ನೀರು ಬೇಗನೆ ತಗ್ಗುತ್ತಿತ್ತು, ಮಕ್ಕಳು ಪ್ರತಿದಿನ ಆಯಾ ದ್ರಾವಣವನ್ನೇ ಸುರಿದು ಮೊದಲಿನ ಮಟ್ಟಕ್ಕೆ ತರುತ್ತಿದ್ದರು. ನಾಲ್ಕನೆಯ ದಿನ ತಟ್ಟೆಗಳ ಅಂಚಿನಲ್ಲಿ ಬಿಳಿಯ ಗೆರೆ ಕಂಡಿತು. ಗೋಕರ್ಣದ ಕಡೆಯಿಂದ ಬರುವ ಹುಡುಗನೊಬ್ಬ, “ಅಕ್ಕೋರೇ, ಇದು ಸಾಣಿಕಟ್ಟಾದ ಆಗರದಂತೆಯೇ ಆಗುತ್ತಿದೆ” ಎಂದ. ಉಪ್ಪು ತೆಗೆಯುವ ಆಗರದಲ್ಲಿ ನಡೆಯುವುದೂ ಅದೇ: ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ನಾವು ಲೀಟರಿಗೆ 8 ಗ್ರಾಂ ಎಂದು ಚೀಟಿ ಅಂಟಿಸಿದ ತಟ್ಟೆಯಲ್ಲಿ ನೀರು ಅರ್ಧಕ್ಕೆ ಇಳಿದಾಗ ಉಪ್ಪಿನ ಪ್ರಮಾಣ 16ಕ್ಕೆ ಏರಿರುತ್ತಿತ್ತು, ಅದಕ್ಕೆ ಮತ್ತೆ ಉಪ್ಪುನೀರನ್ನೇ ಸೇರಿಸಿ ದಿನದಿಂದ ದಿನಕ್ಕೆ ಉಪ್ಪನ್ನು ಹೆಚ್ಚಿಸುತ್ತಿದ್ದೆವು. ನಾವು ಬದಲಿಸಿದ್ದೆಂದು ಹೇಳಿಕೊಂಡ ಚರ ನಮ್ಮ ಕೈತಪ್ಪಿ ತಾನೇ ಬದಲಾಗುತ್ತಿತ್ತು. ಆ ಪ್ರಯೋಗವನ್ನು ಕೈಬಿಟ್ಟು, ತಟ್ಟೆಗಳಿಗೆ ಪ್ಲಾಸ್ಟಿಕ್ ಹಾಳೆಯ ಹೊದಿಕೆ ಕಟ್ಟಿ, ತಗ್ಗಿದಷ್ಟು ಸಿಹಿನೀರನ್ನು ಮಾತ್ರ ತುಂಬುತ್ತ ಹೊಸದಾಗಿ ಆರಂಭಿಸಿದೆವು. ಉಪ್ಪು ಹೆಚ್ಚಿದ ತಟ್ಟೆಗಳಲ್ಲಿ ಮೊಳಕೆ ತಡವಾಯಿತು ಎಂಬ ಫಲಿತಾಂಶ ಎರಡನೆಯ ಸಲ ಬಂದಾಗ ಅದನ್ನು ನಂಬಲು ನಮಗೆ ಆಧಾರವಿತ್ತು. ಐದು ತಟ್ಟೆಗಳಿಗೆ ಐದು ಮುಚ್ಚಳ ಕೊಟ್ಟಿದ್ದರೆ ಬೆಲೆ ಎಷ್ಟು ಏರುತ್ತಿತ್ತು ಎಂದು ತಯಾರಕರನ್ನು ನಾನು ಪತ್ರದಲ್ಲಿ ಕೇಳಿದ್ದೇನೆ.

ಕಗ್ಗದೊಡನೆ ಇನ್ನೊಂದು ತಳಿಯನ್ನೂ ಇಟ್ಟು ಹೋಲಿಸಬೇಕೆಂಬ ಆಸೆ ಮಕ್ಕಳಿಗಿತ್ತು. ಹಾಗೆ ಮಾಡಿದರೆ ತಳಿಯೂ ಒಂದು ಸ್ವತಂತ್ರ ಚರವಾಗುತ್ತದೆ, ಪ್ರತಿ ಉಪ್ಪಿನ ಪ್ರಮಾಣದಲ್ಲಿಯೂ ಎರಡೂ ತಳಿಗಳು ಇರಬೇಕಾಗಿ ಹತ್ತು ತಟ್ಟೆಗಳು ಬೇಕಾಗುತ್ತವೆ. ಪೆಟ್ಟಿಗೆಯಲ್ಲಿ ಇರುವುದು ಐದೇ ಆದ್ದರಿಂದ ಅದನ್ನು ಮುಂದಿನ ವರ್ಷಕ್ಕೆ ಬಿಟ್ಟಿದ್ದೇವೆ.

ಪೆಟ್ಟಿಗೆಯಲ್ಲಿ ಹಳೆಯ ಪ್ರಯೋಗಗಳನ್ನು ಹೇಳುವ ಇತಿಹಾಸದ ಕಾರ್ಡುಗಳೂ ಇವೆ; ಅವುಗಳಲ್ಲಿ ನನಗೆ ಹಿಡಿಸಿದ್ದು ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನದು. 1747ರಲ್ಲಿ ಆತ ಸ್ಕರ್ವಿ ರೋಗ ತಗುಲಿದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಎಲ್ಲರನ್ನೂ ಒಂದೇ ಜಾಗದಲ್ಲಿ ಇರಿಸಿ ಒಂದೇ ಬಗೆಯ ಊಟ ಕೊಟ್ಟು, ಜೋಡಿಗೊಂದರಂತೆ ಬೇರೆ ಬೇರೆ ಮದ್ದು ಕೊಟ್ಟ; ಕಿತ್ತಳೆ ಮತ್ತು ನಿಂಬೆ ಪಡೆದವರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಕಾರ್ಡು ಮೂರು ಚರಗಳನ್ನು ಬರೆಯಲು ಹೇಳಿ ಸುಮ್ಮನಾಗುತ್ತದೆ, ಉತ್ತರವನ್ನು ಎಲ್ಲಿಯೂ ಕೊಟ್ಟಿಲ್ಲ, ಅದು ಒಳ್ಳೆಯದೇ. ಸ್ಕರ್ವಿಗೆ ಕಾರಣ ಸಿ ಜೀವಸತ್ವದ ಕೊರತೆ, ಆ ಜೀವಸತ್ವದ ಹೆಸರು ಕೂಡ ಇಲ್ಲದ ಕಾಲದಲ್ಲಿ ಲಿಂಡ್ ಈ ಕೆಲಸ ಮಾಡಿದ ಎಂದು ನಾನು ಹೇಳಿದಾಗ ಮಕ್ಕಳಿಗೆ ಅಚ್ಚರಿಯಾಯಿತು. ಕಾರಣದ ಒಳಗುಟ್ಟು ತಿಳಿಯದಿದ್ದರೂ ಚರಗಳನ್ನು ಸರಿಯಾಗಿ ಬೇರ್ಪಡಿಸಿದರೆ ಉತ್ತರ ಸಿಗುತ್ತದೆ ಎಂಬುದನ್ನು ಅವರು ಕಗ್ಗದ ತಟ್ಟೆಗಳ ಮುಂದೆ ನಿಂತೇ ಅರ್ಥಮಾಡಿಕೊಂಡರು. ಪ್ರತಿ ಮದ್ದಿಗೆ ಇಬ್ಬರೇ ಇದ್ದದ್ದು ಕಡಿಮೆಯಾಯಿತಲ್ಲವೇ ಎಂದು ಒಬ್ಬಳು ಕೇಳಿದ್ದೂ ನ್ಯಾಯವಾದ ಪ್ರಶ್ನೆ. ದಾಸವಾಳದ ರಸದ ಕಾರ್ಡು ಕೂಡ ಉಪಯುಕ್ತವಾಗಿದೆ: ಆಮ್ಲದಲ್ಲಿ ಕಡು ಗುಲಾಬಿಗೂ ಪ್ರತ್ಯಾಮ್ಲದಲ್ಲಿ ಹಸಿರಿಗೂ ತಿರುಗುವ ಆ ರಸದಲ್ಲಿ ಅವಲಂಬಿತ ಚರ ಸಂಖ್ಯೆಯಾಗಿರದೆ ಬಣ್ಣವಾಗಿರುವುದರಿಂದ, ಫಲಿತಾಂಶವನ್ನು ಗೆರೆಯ ನಕ್ಷೆಯಲ್ಲಿ ತೋರಿಸದೆ ಕೋಷ್ಟಕದಲ್ಲಿ ಬರೆಯಬೇಕೆಂದು ಕೈಪಿಡಿ ಸರಿಯಾಗಿಯೇ ಹೇಳಿದೆ.

ಪೆಟ್ಟಿಗೆಯ ದೊಡ್ಡ ಕೊರತೆ ಅದರ ಅತ್ಯುತ್ತಮ ವಿಚಾರದಿಂದಲೇ ಹುಟ್ಟಿದೆ. ‘ನಾನು ಬದಲಿಸಿದ್ದು’ ಎಂಬ ಹಳದಿ ಕಾರ್ಡು, ಯಾರೂ ಏನನ್ನೂ ಬದಲಿಸದ ಅಧ್ಯಯನಗಳ ಮುಂದೆ ಮೂಕವಾಗುತ್ತದೆ. ಕರಾವಳಿಯ ಮಕ್ಕಳು ಎತ್ತಿಕೊಳ್ಳುವ ಪ್ರಶ್ನೆಗಳಲ್ಲಿ ಬಹುಪಾಲು ಇಂಥವೇ. ನದಿಯ ದಂಡೆಯಲ್ಲಿ ಮನೆ ಇರುವ ಇಬ್ಬರು ಹುಡುಗರು ಅಳತೆಯ ಗೆರೆ ಎಳೆದ ಬಿದಿರಿನ ಗಳುವನ್ನು ನೀರಿನಲ್ಲಿ ನೆಟ್ಟು, ಗಂಟೆಗೊಮ್ಮೆ ನೀರಿನ ಮಟ್ಟವನ್ನು ಬರೆದುಕೊಂಡರು. ಉಬ್ಬರವನ್ನು ಅವರು ಬದಲಿಸಲಾರರು, ಕಾಲವನ್ನಂತೂ ಯಾರೂ ಬದಲಿಸಲಾರರು. ಹಾಗಾದರೆ ಸ್ವತಂತ್ರ ಚರವೇ ಇಲ್ಲವೇ ಎಂದು ಅವರು ಕೇಳಿದಾಗ, ಯಾವ ಯಾವ ಗಂಟೆಗೆ ನೋಡಬೇಕೆಂದು ನೀವು ಆಯ್ದುಕೊಂಡಿರಲ್ಲ, ಆ ಕಾಲವೇ ಸ್ವತಂತ್ರ ಚರ, ಆ ಹೊತ್ತಿಗೆ ಕಂಡ ಮಟ್ಟ ಅವಲಂಬಿತ ಚರ ಎಂದು ವಿವರಿಸಿದೆ. ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ನಡುವೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ ಇರುವುದರಿಂದ ಮರುದಿನದ ಉಬ್ಬರ ಐವತ್ತು ನಿಮಿಷದಷ್ಟು ತಡವಾಗಿ ಬಂದದ್ದು ಅವರ ನಕ್ಷೆಯಲ್ಲಿ ಚೆನ್ನಾಗಿಯೇ ಮೂಡಿತು. ಅವರ ಮನೆಯವರು ಬೆಳಚು ಎಂಬ ಚಿಪ್ಪುಮೀನನ್ನು ಆರಿಸಲು ಇಳಿತದ ಹೊತ್ತನ್ನು ದಿನವೂ ಮುಂದಕ್ಕೆ ತಳ್ಳಿಕೊಳ್ಳುತ್ತ ಹೋಗುವುದಕ್ಕೆ ಕಾರಣ ಅಲ್ಲಿತ್ತು. ಹಳದಿ ಕಾರ್ಡಿನಲ್ಲಿ ‘ನಾನು ಬದಲಿಸಿದ್ದು ಅಥವಾ ಆಯ್ದುಕೊಂಡದ್ದು’ ಎಂದು ಎರಡು ಪದ ಹೆಚ್ಚಿಗೆ ಇದ್ದಿದ್ದರೆ ಈ ಗೊಂದಲ ಹುಟ್ಟುತ್ತಿರಲಿಲ್ಲ.

ಇನ್ನೊಂದು ಗುಂಪಿನ ಪ್ರಾಜೆಕ್ಟಿನಿಂದ ಹೆಚ್ಚು ಆಳದ ತೊಂದರೆ ಬೆಳಕಿಗೆ ಬಂತು. ಮಳೆ ಹೆಚ್ಚಾದರೆ ಮೀನಿನ ದರ ಏರುತ್ತದೆ ಎಂದು ಊಹಿಸಿ ಅವರು ಮಳೆಯನ್ನು ಹಳದಿಗೂ ದರವನ್ನು ನೀಲಿಗೂ ಬರೆದರು, ಜೂನ್ ಮತ್ತು ಜುಲೈ ತಿಂಗಳ ದರಗಳು ಆ ಊಹೆಗೆ ಹೊಂದಿಯೂ ಬಂದವು. ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮಳೆಯೂ ನಿಷೇಧವೂ ಒಟ್ಟಿಗೆ ಬರುವಾಗ ದರ ಏರಿದ್ದು ಯಾವುದರಿಂದ ಎಂದು ಈ ಎರಡು ತಿಂಗಳ ಅಂಕಿಗಳನ್ನು ನೋಡಿ ಹೇಳಲು ಬರುವುದಿಲ್ಲ. ಆಗಸ್ಟಿನಲ್ಲಿ ಮಳೆ ಇದ್ದೂ ನಿಷೇಧವಿಲ್ಲದ ದಿನಗಳ ದರವನ್ನೂ ಬರೆದುಕೊಂಡು ಹೋಲಿಸಬೇಕಾಗುತ್ತದೆ. ಹೀಗೆ ಎರಡು ಕಾರಣಗಳು ಹೆಣೆದುಕೊಂಡಿರುವ ಸಂದರ್ಭದ ಬಗ್ಗೆ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ. ಪ್ರಯೋಗಶಾಲೆಯ ಮೇಜಿನ ಮೇಲೆ ಹಸಿರು ಕಾರ್ಡು ಮಾಡುವ ಕೆಲಸವನ್ನು ಮೀನು ಮಾರುಕಟ್ಟೆಯಲ್ಲಿ ಹೋಲಿಕೆಯಿಂದಲೇ ಮಾಡಬೇಕು ಎಂಬುದನ್ನು ಹತ್ತನೆಯ ತರಗತಿಯ ಮಕ್ಕಳಿಗಾದರೂ ಹೇಳಬಹುದಿತ್ತು.

ಭಾಷೆಯ ವಿಷಯದಲ್ಲಿ ಎರಡು ಆಕ್ಷೇಪಗಳಿವೆ. ಕಾರ್ಡುಗಳಲ್ಲಿ ‘ಅವಲಂಬಿತ ಚರ’ ಎಂದಿರುವುದನ್ನು ಕೈಪಿಡಿಯ ನಡುವೆ ‘ಪರತಂತ್ರ ಚರ’ ಎಂದೂ ಕೊನೆಯ ಅಭ್ಯಾಸಗಳಲ್ಲಿ ‘ಆಧಾರಿತ ಚರ’ ಎಂದೂ ಬರೆದಿದ್ದಾರೆ, ಇದರಿಂದ ಇವು ಮೂರು ಬೇರೆ ಬೇರೆ ವಸ್ತುಗಳೆಂದು ಮಕ್ಕಳು ತಿಳಿದುಕೊಂಡರು. ಹಸಿರು ಕಾರ್ಡಿನ ಹಿಂದೆ ‘ಸ್ಥಿರ ಚರ’ ಎಂದು ಅಚ್ಚಾಗಿರುವುದು ಇದಕ್ಕಿಂತ ಹೆಚ್ಚಿನ ತಪ್ಪು. ಸ್ಥಿರಾಸ್ತಿ, ಚರಾಸ್ತಿ ಎಂಬ ಮಾತುಗಳನ್ನು ಮನೆಯಲ್ಲಿ ಕೇಳಿ ಬೆಳೆದ ಮಗುವಿಗೆ ಸ್ಥಿರವೂ ಚರವೂ ಎದುರುಬದುರು ಪದಗಳು. ಒಂದೇ ವಸ್ತು ಎರಡೂ ಆಗುವುದು ಹೇಗೆಂದು ಅದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಬದಲಾಗಬಲ್ಲದ್ದನ್ನು ನಾವು ತಡೆದು ಹಿಡಿದಿದ್ದೇವೆ ಎಂಬ ಅರ್ಥವನ್ನು ‘ನಿಯಂತ್ರಿತ ಚರ’ ಎಂಬುದು ಸರಿಯಾಗಿ ಕೊಡುತ್ತದೆ, ಕೈಪಿಡಿಯ ಮುನ್ನುಡಿಯಲ್ಲಿ ಅದನ್ನೇ ಬಳಸಿಯೂ ಇದ್ದಾರೆ. 31ನೆಯ ಪುಟದ ನಕ್ಷೆಯಲ್ಲಿ ಅಕ್ಷಗಳು ಅದಲುಬದಲಾಗಿವೆ. ಸ್ವತಂತ್ರ ಚರ ಅಡ್ಡವಾಗಿರುವ ಎಕ್ಸ್ ಅಕ್ಷದ ಮೇಲೆಯೂ ಅವಲಂಬಿತ ಚರ ನೆಟ್ಟಗಿರುವ ವೈ ಅಕ್ಷದ ಮೇಲೆಯೂ ಬರಬೇಕೆಂದು ಹಿಂದಿನ ಪುಟದಲ್ಲಿ ತಾವೇ ಬರೆದ ರೂಢಿಗೆ ಅದು ವಿರುದ್ಧವಾಗಿದೆ. ಈ ಪೆಟ್ಟಿಗೆಯನ್ನು ಕೊಳ್ಳುವವರು ಆ ಪುಟವನ್ನು ಪೆನ್ನಿನಿಂದ ತಿದ್ದಿಕೊಂಡ ಬಳಿಕವೇ ಮಕ್ಕಳ ಕೈಗೆ ಕೊಡಬೇಕು.

ಇಷ್ಟೆಲ್ಲ ಕೊರತೆಗಳಿದ್ದರೂ ಶಾಲೆಗೆ ಇನ್ನೂ ಎರಡು ಪೆಟ್ಟಿಗೆಗಳನ್ನು ತರಿಸಲು ನಾನು ಮುಖ್ಯಾಧ್ಯಾಪಕರಿಗೆ ಮನವಿ ಕೊಟ್ಟಿದ್ದೇನೆ. ಒಂದು ಪೆಟ್ಟಿಗೆಯಿಂದ ನಾಲ್ಕೈದು ಮಕ್ಕಳ ಗುಂಪೊಂದು ಕೆಲಸ ಮಾಡಬಹುದು, ಇಡೀ ತರಗತಿಗೆ ಸಾಲುವುದಿಲ್ಲ. ಮನೆಗಾಗಿ ಕೊಳ್ಳುವ ತಂದೆತಾಯಿಯರು ಮಗುವನ್ನು ಪೆಟ್ಟಿಗೆಯೊಡನೆ ಒಂಟಿಯಾಗಿ ಬಿಡದೆ ಕನಿಷ್ಠ ಮೊದಲ ಎರಡು ಪ್ರಯೋಗಗಳಿಗೆ ಜೊತೆಯಲ್ಲಿ ಕೂರಬೇಕು. ಉತ್ತರ ಹೇಳಿಕೊಡುವುದಕ್ಕಿಂತ ‘ಇದನ್ನು ಹೇಗೆ ಅಳೆಯುತ್ತೀ’ ಎಂದು ಕೇಳುತ್ತಿದ್ದರೆ ಸಾಕು. ಆರನೆಯ ತರಗತಿಯ ಮಕ್ಕಳಿಗೆ ಲೋಲಕ ಮತ್ತು ದಾಸವಾಳದ ಪ್ರಯೋಗಗಳು ಹಿಡಿಸುತ್ತವೆ, ಬೀಜದ ಪ್ರಯೋಗ ಎಂಟನೆಯ ತರಗತಿಯವರಿಗೇ ಸರಿ. ಖಾಲಿ ಕಾರ್ಡುಗಳ ಕಟ್ಟು ಅದೇ ಅಂಗಡಿಯಲ್ಲಿ 60 ರೂಪಾಯಿಗೆ ಪ್ರತ್ಯೇಕವಾಗಿ ಸಿಗುತ್ತದೆ, ಆದರೆ ಪೆನ್ಸಿಲಿನಿಂದ ಬರೆದು ಅಳಿಸುತ್ತ ಹೋದರೆ ಮೊದಲಿನವೇ ಒಂದು ವರ್ಷ ಬರುತ್ತವೆ. ಕಗ್ಗದ ಪ್ರಯೋಗ ಮಾಡಬಯಸುವವರು ಬೀಜಕ್ಕಾಗಿ ಮುಂಗಾರಿನ ಬಿತ್ತನೆಗೆ ಮೊದಲೇ, ಮೇ ತಿಂಗಳಲ್ಲಿ, ಗಜನಿಯ ರೈತರನ್ನು ಕಂಡು ಒಂದು ಹಿಡಿ ಎತ್ತಿಡಲು ಹೇಳಿರಬೇಕು. ಬಿತ್ತನೆ ಮುಗಿದ ಮೇಲೆ ಹೋದರೆ ಅವರ ಬಳಿ ಉಳಿದಿರುವುದು ಕಡಿಮೆ. ತಟ್ಟೆಗಳಿಗೆ ಮುಚ್ಚಳವನ್ನೂ ಆಗಲೇ ಹೊಂದಿಸಿಕೊಳ್ಳಿ.